ಮೂರು ಇಂಚಿನ ತೋಟ

"ಇದನ್ನ ಸರಿಮಾಡಿಕೊಡ್ತೀರಾ?"

ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿ ದೊಡ್ಡದೊಂದು ಹಲಗೆ. ಅದರ ಮೇಲೆ ಗೇಣುದ್ದದ ಮೂರು ಬಿಳಿ ಕಟ್ಟಡಗಳು. ಒಂದು ಮೂಲೆ ಜಜ್ಜಿಹೋಗಿತ್ತು. ಸ್ಪಂಜಿನ ಪುಟ್ಟ ಪುಟ್ಟ ಮರಗಳು ಹಲಗೆ ಬಿಟ್ಟು ಅವನ ಅಂಗಿಗೆ ಅಂಟಿಕೊಂಡಿದ್ದವು.

ಅವಳು ತಲೆಯೆತ್ತಿ ನೋಡಿದಳು.

ಅಯ್ಯೋ ದೇವರೇ... ಇದು ನಾನೇ ಮಾಡಿದ್ದು!

ಅವಳ ಕಸುಬೇ ಅದು. ಬಿಲ್ಡರುಗಳು ಕಟ್ಟುವ ಮೊದಲೇ ಮಾರಬೇಕಲ್ಲ? ಅದಕ್ಕೆ ಬೇಕಾದ ಮಾಡೆಲ್‌ಗಳನ್ನು ಈ ಉದ್ದನೆಯ ಕೋಣೆಯಲ್ಲಿ ಅವಳೂ ಅವಳ ಚಿಕ್ಕಮ್ಮನೂ ಸೇರಿ ಮಾಡುತ್ತಿದ್ದರು. ಕಟ್ಟಡ ಅವಳದ್ದು, ಮರ, ಬೆಂಚು, ಉಗುರಿನಷ್ಟು ಕಾರುಗಳು ಚಿಕ್ಕಮ್ಮನದ್ದು.

"ಗುಜರಿ ಅಂಗಡೀಲಿ ಸಿಕ್ತು," ಅವನು ಹಲಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿದ. "ಬಿಲ್ಡರ್ ಆಫೀಸಿನವರು ಬೇಕೂಂತಲೇ ಎಸೆದಿದ್ದಾರೆ. ಇದು ನಮ್ಮ ಸಾಕ್ಷಿ ಮೇಡಂ. ನಲವತ್ತು ಮನೆಯವರ ಸಾಕ್ಷಿ!"

ಅವನು ವಾಚ್ ರಿಪೇರಿ ಮಾಡುವವನು. ಹದಿನಾಲ್ಕು ವರ್ಷ ಕೂಡಿಟ್ಟು ಒಂದು ಫ್ಲ್ಯಾಟ್ ಕೊಂಡಿದ್ದ.

"ಉತ್ತರಕ್ಕೆ ಕಿಟಕಿ ಇದೆ ಅಂತಲೇ ಅದನ್ನ ಆರಿಸಿದ್ದು. ನಮ್ಮ ಕೆಲಸಕ್ಕೆ ಆ ಬೆಳಕೇ ಬೇಕು, ಕಣ್ಣು ಕುಕ್ಕಲ್ಲ. ಕಿಟಕಿ ಮುಂದೆ ಇಷ್ಟಗಲ ತೋಟ ಅಂತ ಈ ಮಾಡೆಲ್‌ನಲ್ಲಿ ತೋರಿಸಿದ್ರು. ಹೋಗಿ ನೋಡಿದ್ರೆ ಆ ಜಾಗ ಅವರದ್ದೇ ಅಲ್ಲ! ಪಕ್ಕದವರು ಗೋದಾಮು ಎಬ್ಬಿಸ್ತಿದ್ದಾರೆ. ಕೈ ಚಾಚಿದ್ರೆ ಗೋಡೆ. ಈಗ ಬಿಲ್ಡರ್ ಏನಂತಾನೆ ಗೊತ್ತಾ? ತೋಟ ತೋರಿಸೇ ಇಲ್ವಂತೆ!"

"ಫೋಟೋ...?"

"ಅಲ್ಲಿ ಫೋಟೋ ತೆಗೆಯೋಕೇ ಬಿಡ್ತಿರ್ಲಿಲ್ಲ. ಮಾಡೆಲ್ ತನ್ನಿ ಅಂತ ನ್ಯಾಯಮಂಡಳಿ ಹೇಳಿದೆ. ಇನ್ನು ಇಪ್ಪತ್ತು ದಿನಕ್ಕೆ ವಿಚಾರಣೆ. ಬಿದ್ದುಹೋದದ್ದನ್ನ ಇದ್ದಲ್ಲೇ ಅಂಟಿಸಿ, ಸಾಕು. ಒಂದೆಳೆ ಹೆಚ್ಚೂ ಆಗ್ಬಾರ್ದು, ಕಮ್ಮಿನೂ ಆಗ್ಬಾರ್ದು ಅಂತ ನಮ್ಮ ವಕೀಲರು ಹತ್ತು ಸಲ ಹೇಳಿದ್ದಾರೆ."

ಹೇಳಿಬಿಡಬೇಕಿತ್ತು. ಆ ಕ್ಷಣವೇ!

ಆದರೆ ಅವಳ ಬಾಯಿಂದ ಬಂದದ್ದು ಇಷ್ಟೇ, "ಬಿಟ್ಟು ಹೋಗಿ. ಮಾಡ್ತೀನಿ."

ಅವಳ ಕಣ್ಣ ಮುಂದೆ ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆ ಬಂದು ನಿಂತಿತ್ತು. ಬಿಲ್ಡರಿನ ಮ್ಯಾನೇಜರ್ ಈ ಮೇಜಿನ ಮೇಲೆಯೇ ನಕ್ಷೆ ಹರಡಿ, ಬೇಲಿಯ ಗೆರೆಯಿಂದಾಚೆ ಕೆಂಪು ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದಿದ್ದ. "ಬೇಲಿ ಇಲ್ಲಿಗೆ ತಳ್ಳಿ. ಮಧ್ಯದಲ್ಲಿ ತೋಟ."

"ಸರ್, ಅದು ಪಕ್ಕದವರ ಜಾಗ ಅಲ್ವಾ?"

"ಮೂರು ಇಂಚು ತಾನೇ? ಮಾಡೆಲ್‌ನ ಯಾರು ಅಳತೆ ಮಾಡ್ತಾರೆ!" ಎಂದು ನಕ್ಕು, ಗೆರೆಯ ಕೆಳಗೆ ಸಹಿ ಹಾಕಿ ಹೋಗಿದ್ದ.

ಅವಳು ತಳ್ಳಿದ್ದಳು. ಮಾಡೆಲ್‌ನ ಒಂದು ಇಂಚೆಂದರೆ ನೆಲದ ಮೇಲೆ ಇಪ್ಪತ್ತು ಅಡಿ. ಅರವತ್ತು ಅಡಿ ಅಗಲದ ಪರರ ನೆಲದಲ್ಲಿ ಚಿಕ್ಕಮ್ಮ ಮಾಡಿದ ಮರಗಳನ್ನು ಒಂದೊಂದಾಗಿ ನೆಟ್ಟಿದ್ದಳು, ಗೊತ್ತಿದ್ದೂ ಗೊತ್ತಿದ್ದೂ!

ಬಿಟ್ಟು ಹೋಗಿ ಎಂದರೆ ಅವನು ಹೋಗಬೇಕಲ್ಲ? ಮರುದಿನ ಮಧ್ಯಾಹ್ನ ಬಂದ. ಅದರ ಮರುದಿನವೂ ಬಂದ. ಕಣ್ಣಿಗೆ ವಾಚಿನವರ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟ ಹಿಡಿದು, ಅವಳೆದುರು ಕುಳಿತು ಚೀಲದಲ್ಲಿದ್ದ ಚೂರುಗಳನ್ನು ವಿಂಗಡಿಸತೊಡಗಿದ. ಚಿಕ್ಕಮ್ಮ ಅವನಿಗೆ 'ಟಿಕ್‌ಟಿಕ್' ಎಂದು ಹೆಸರಿಟ್ಟೇಬಿಟ್ಟಳು.

"ಪುಟ್ಟೀ, ನಿನ್ನ ಟಿಕ್‌ಟಿಕ್ ಇವತ್ತು ಐದು ನಿಮಿಷ ಲೇಟು."

"ನನ್ನ ಅಲ್ಲ ಚಿಕ್ಕಮ್ಮಾ!"

"ಹೌದಾ? ಮತ್ತೆ ಬಾಗಿಲು ಯಾಕೆ ನೋಡ್ತಿದ್ದೀಯ? ಸೊಳ್ಳೆ ಬರುತ್ತೆ ಅಂತಲಾ?"

ನಾಲ್ಕನೇ ದಿನ ಅವನು ಕೂದಲೆಳೆಯಷ್ಟು ಸಣ್ಣ ಬಾಲ್ಕನಿ ಕಂಬಿಯೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಎಂಥ ಕೈ ರೀ ಇದು! ಮಾಡಿದವರಿಗೆ ಆ ತೋಟ ಸುಳ್ಳು ಅಂತ ಗೊತ್ತಿತ್ತೋ, ಇಲ್ವೋ... ಪಾಪ."

ಭೂತಗನ್ನಡಿ ತೆಗೆದು ಅವಳನ್ನೇ ನೋಡಿದ.

"ಅಂಟು... ಅಂಟು ಮುಗಿದಿದೆ. ತರ್ತೀನಿ," ಎಂದವಳೇ ಒಳಗೆ ಓಡಿ, ಗೋಡೆಗೆ ಹಣೆಯಿಟ್ಟು ನಿಂತಳು. ಇಷ್ಟು ಒಳ್ಳೆಯವನ ಎದುರು ಕುಳಿತು ಹೇಗೆ ನಗುತ್ತಿದ್ದೇನೆ? ನಾಚಿಕೆ ಆಗಲ್ವಾ ನನಗೆ?

"ಹೇಳಿಬಿಡ್ತೀನಿ ಚಿಕ್ಕಮ್ಮ," ಎಂದಳು ಅವನು ಹೋದ ಮೇಲೆ.

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. "ಹೇಳು. ನಾಳೆಯಿಂದ ಯಾವ ಬಿಲ್ಡರ್ ನಮ್ಮ ಹೊಸಿಲು ತುಳೀತಾನೆ? ಈ ಮರಗಳನ್ನೆಲ್ಲ ಗಿಣಿಗಳಿಗೆ ಮಾರೋಣ್ವಾ?"

ಅವಳು ಹೇಳಲಿಲ್ಲ. ದಿನಗಳು ಉರುಳಿದವು. ಅವನು ನಕ್ಕಾಗಲೆಲ್ಲ ಅವಳು ತಲೆ ಬಗ್ಗಿಸಿ ಅಂಟಿನ ಡಬ್ಬಿ ಹುಡುಕುತ್ತಿದ್ದಳು.

ವಿಚಾರಣೆಗೆ ಮೂರು ದಿನ ಇರುವಾಗ ಉಳಿದದ್ದು ಬೇಲಿಯೊಂದೇ. ಅದು ಪೂರ್ತಿ ಕಳಚಿ ಬಿದ್ದಿತ್ತು. ಎಲ್ಲಿತ್ತೆಂದು ಹೇಳಲು ಹಲಗೆಯಲ್ಲಿ ಸೂಜಿ ಮೊನೆಯಷ್ಟು ರಂಧ್ರಗಳ ಸಾಲೊಂದೇ ಗತಿ. ಅಂದು ಬೆಳಿಗ್ಗೆ ಅವಳು ಒಬ್ಬಳೇ ಇದ್ದಳು. ಬೇಲಿಯನ್ನು ಚಿಮುಟದಲ್ಲಿ ಎತ್ತಿದಳು.

ಅದೇ ಸುಳ್ಳನ್ನ ಮತ್ತೆ ಇದೇ ಕೈಯಲ್ಲಿ ಅಂಟಿಸಲಾ? ಅವನ ಮನೆಯ ಬೆಳಕು ನುಂಗಿದ ಸುಳ್ಳನ್ನ? ಆಗಲ್ಲ... ನನ್ನ ಕೈಲಿ ಆಗಲ್ಲ!

ತೋಟದ ಮರಗಳನ್ನೆಲ್ಲ ಕಿತ್ತು, ರಂಧ್ರಗಳಿಗೆ ಮೇಣ ತುಂಬಿ, ಮೂರು ಇಂಚು ಒಳಗೆ, ನಿಜವಾದ ಗಡಿಯಲ್ಲಿ ಬೇಲಿ ನಿಲ್ಲಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ಹಾಯಾಗಿ ಉಸಿರಾಡಿದಳು. ಎಂಥ ಪೆದ್ದು ಹುಡುಗಿ! ತನ್ನ ಮನಸ್ಸಿಗೆ ಸಮಾಧಾನವಾಯಿತೆಂದರೆ ಲೋಕವೆಲ್ಲ ಸರಿಹೋಯಿತೆಂದುಕೊಂಡಳು.

ಮಧ್ಯಾಹ್ನ ಅವನು ಬಂದ. ನೋಡಿದ. ಮುಖ ಬಿಳಿಚಿಕೊಂಡಿತು.

"ಇದೇನಿದು?"

"ಬೇಲಿ ಇರಬೇಕಾದ್ದು ಅಲ್ಲೇ ಅಲ್ವಾ... ನಿಜವಾದ ಜಾಗ..."

"ನಿಜ ನಮಗೆ ಗೊತ್ತು ಮೇಡಂ! ನಮಗೆ ಬೇಕಿದ್ದದ್ದು ಅವರು ತೋರಿಸಿದ ಸುಳ್ಳು! ಅದೊಂದೇ ನಮ್ಮ ಹತ್ರ ಇದ್ದ ಸಾಕ್ಷಿ! ಇದನ್ನ ತಗೊಂಡುಹೋದ್ರೆ, ನೋಡಿ ಬೇಲಿ ಸರಿಯಾಗೇ ಇದೆ ಅಂತಾರೆ! ಮತ್ತೆ ಕಿತ್ತು ಸರಿಸಿದ್ರೆ ನಾವೇ ತಿದ್ದಿದ್ದು ಅಂತಾರೆ!"

ಏನು ಮಾಡಿಬಿಟ್ಟೆ...!

"ನೀವು ಅವರ ಕಡೆಯವರಾ?" ಅವನ ದನಿ ತಗ್ಗಿತು. "ಇಷ್ಟು ದಿನ ನನ್ನೆದುರು ಕೂತು... ಇದಕ್ಕೇನಾ?"

ಇಲ್ಲ ಎನ್ನಬೇಕು. ಆದರೆ ಒಂದು ಕಾಲಕ್ಕೆ ಅವರ ಕಡೆಯವಳೇ ಆಗಿದ್ದಳಲ್ಲ! ಅವನು ಹಲಗೆ ಎತ್ತಿಕೊಂಡು ಹಿಂದಿರುಗಿಯೂ ನೋಡದೆ ಹೋದ.

ಅವಳು ಅತ್ತಳು. ಅತ್ತು ಅತ್ತು ಸಾಕಾದಾಗ ಚಿಕ್ಕಮ್ಮ ಸ್ಟೂಲು ಹತ್ತಿ, ಅಟ್ಟದ ಮೇಲಿನ ನಕ್ಷೆಗಳ ಕೊಳವೆಯಿಂದ ಒಂದು ಸುರುಳಿ ಎಳೆದು ಅವಳ ಮಡಿಲಿಗೆ ಹಾಕಿದಳು. ಬಿಚ್ಚಿದರೆ ಕೆಂಪು ಗೆರೆ, ಕೆಳಗೆ ಮ್ಯಾನೇಜರನ ಸಹಿ.

"ಚಿಕ್ಕಮ್ಮಾ... ನಮ್ಮ ಕೆಲಸ?"

"ಗಿಣಿಗಳಿಗೇ ಮಾರೋಣ ಬಿಡು."

ವಿಚಾರಣೆಯ ಕೋಣೆ ಚಿಕ್ಕದು, ಕುರ್ಚಿಗಳು ಸಾಲದೆ ಅರ್ಧ ಜನ ನಿಂತಿದ್ದರು. ಅಂದುಕೊಂಡಂತೆಯೇ ಆಯಿತು. ಬಿಲ್ಡರ್ ಕಡೆಯ ವಕೀಲ ಮಾಡೆಲ್‌ನತ್ತ ಬೆರಳು ತೋರಿಸಿ ನಕ್ಕ. "ಇವರೇ ತಂದ ಮಾಡೆಲ್! ಬೇಲಿ ಗಡಿಯಲ್ಲೇ ಇದೆಯಲ್ಲ? ತೋಟ ಎಲ್ಲಿದೆ ತೋರಿಸಲಿ."

ನಲವತ್ತು ಮನೆಯವರು ತಲೆ ತಗ್ಗಿಸಿದರು. ಅವನು ತನ್ನ ಕೈಗಳನ್ನೇ ನೋಡುತ್ತಿದ್ದ.

"ಅದನ್ನ ಮಾಡಿದ್ದು ನಾನು," ಹಿಂದಿನಿಂದ ದನಿಯೊಂದು ಕೇಳಿತು.

ಎಲ್ಲರೂ ತಿರುಗಿದರು. ಅವಳು ಸುರುಳಿಯನ್ನು ಎದೆಗೊತ್ತಿಕೊಂಡು ಮುಂದೆ ಬಂದಳು.

"ಆ ಬೇಲೀನ ಎರಡು ಸಲ ಸರಿಸಿದ್ದೀನಿ. ಮೊದಲನೇ ಸಲ ಇವರ ಮ್ಯಾನೇಜರ್ ಹೇಳಿದ್ರು ಅಂತ. ಬೇರೆಯವರ ಜಾಗ ಅಂತ ಗೊತ್ತಿದ್ದೂ ಮಾಡಿದೆ. ಎರಡನೇ ಸಲ, ಮೊನ್ನೆ... ಮಾಡಿದ ತಪ್ಪು ತಡ್ಕೊಳ್ಳೋಕಾಗದೆ. ಇವರ್ಯಾರಿಗೂ ಅದು ಗೊತ್ತಿಲ್ಲ. ತಪ್ಪೆಲ್ಲ ನಂದು."

ನಕ್ಷೆ ಬಿಚ್ಚಿದರು. ಮೇಣ ಕೆರೆದರು. ರಂಧ್ರಗಳ ಸಾಲು ಕೆಂಪು ಗೆರೆಗೆ ಕರಾರುವಾಕ್ಕಾಗಿ ಹೊಂದಿತು.

"ಆದರೂ ಮಾಡೆಲ್ ಬರೀ ಕಲ್ಪನೆ ಅಂತ ಕರಾರಿನ ಕೊನೇ ಪುಟದಲ್ಲಿ..." ವಕೀಲ ತಡವರಿಸಿದ.

"ತೋಟ ತೋರಿಸಿ ದುಡ್ಡು ತಗೊಂಡಿದ್ದೀರಿ," ಪೀಠದಲ್ಲಿದ್ದ ಹೆಂಗಸು ಕನ್ನಡಕ ತೆಗೆದು ಹೇಳಿದರು. "ನೋಡಿ ನಂಬಿ ಕೊಂಡವರ ಹಕ್ಕನ್ನ ಸಣ್ಣ ಅಕ್ಷರದಲ್ಲಿ ಅಳಿಸೋಕಾಗಲ್ಲ."

ಆದೇಶ ಬರಲು ಒಂದು ತಿಂಗಳಾಯಿತು. ಫ್ಲ್ಯಾಟ್ ಬೇಡವೆಂದವರಿಗೆ ಕಟ್ಟಿದ ಹಣ ಬಡ್ಡಿಸಮೇತ ವಾಪಸ್, ಇರುತ್ತೇವೆಂದವರಿಗೆ ಪರಿಹಾರ. ಅವಳಿಗೆ ಅದು ಪೇಪರಿನಿಂದ ತಿಳಿಯಿತು. ಆ ತಿಂಗಳಲ್ಲಿ ಮೂವರು ಬಿಲ್ಡರುಗಳು ಕೊಟ್ಟ ಕೆಲಸ ವಾಪಸ್ ಪಡೆದಿದ್ದರು. ಅವಳು ಯಾರನ್ನೂ ಬೈಯಲಿಲ್ಲ. ಒಂದು ಶಾಲೆಯವರು ಪಾಠಕ್ಕೆಂದು ಅಣೆಕಟ್ಟಿನ ಮಾಡೆಲ್ ಕೇಳಿದ್ದರು. ಅದನ್ನೇ ಮಾಡುತ್ತ ಕುಳಿತಿದ್ದಳು.

"ಒಳಗೆ ಬರಬಹುದಾ?"

ಅವನೇ! ಕೈಯಲ್ಲಿ ಏನೂ ಇರಲಿಲ್ಲ. ಅವಳು ತಟಕ್ಕನೆ ಎದ್ದು ನಿಂತಳು.

"ಫ್ಲ್ಯಾಟ್ ವಾಪಸ್ ಕೊಟ್ಟುಬಿಟ್ಟೆ. ಬೇರೆ ಕಡೆ ಹುಡುಕ್ತಿದ್ದೀನಿ."

"ಮೊದಲ ದಿನವೇ ಹೇಳಬೇಕಿತ್ತು ನಾನು..." ಅವಳ ಕಣ್ಣು ತುಂಬಿ ಬಂತು. "ದಿನಾ ನೀವು ಎದುರಿಗಿದ್ರಿ. ದಿನಾ ನಾಳೆ ಹೇಳೋಣ ಅಂದ್ಕೊಂಡೆ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ ನಂಗೆ."

"ನಂಗೆ ಮೂರನೇ ದಿನವೇ ಗೊತ್ತಿತ್ತು."

"ಏನು?!"

"ಚೂರುಗಳನ್ನ ಕಣ್ಣಲ್ಲಿ ನೋಡದೇನೇ ಅದರದರ ಜಾಗಕ್ಕೆ ಇಡ್ತಿದ್ರಿ. ಮಾಡಿದವರ ಕೈಗೆ ಮಾತ್ರ ಅದು ಸಾಧ್ಯ."

"ಹಾಗಾದ್ರೆ... ಯಾಕೆ ಕೇಳಲಿಲ್ಲ?"

ಅವನು ತಲೆ ತಗ್ಗಿಸಿದ. "ಕೇಳಿದ್ರೆ ನೀವು ಹೌದು ಅಂತಿದ್ರಿ. ಆವತ್ತೇ ಹೇಳಿಕೆ ಬರೆಸಿ ಸಹಿ ಮಾಡಿಸ್ಕೊಂಡು ವಕೀಲರ ಹತ್ರ ಓಡಬೇಕಾಗ್ತಿತ್ತು. ಮರುದಿನ ಇಲ್ಲಿಗೆ ಬರೋಕೆ ನೆಪ ಇರ್ತಿರ್ಲಿಲ್ಲ. ನಲವತ್ತು ಮನೆಯವರ ಗೋಳು ಪಕ್ಕಕ್ಕಿಟ್ಟು ನಿಮ್ಮೆದುರು ಕೂತ್ಕೊಂಡೆ, ನೋಡಿ. ಬೇಲಿ ಸರಿದಾಗ ನನ್ನ ಮೇಲಿನ ಕೋಪಾನೂ ಸೇರಿಸಿ ನಿಮ್ಮ ಮೇಲೆ ಹಾಕಿದೆ. ನೀವು ಅಷ್ಟು ಜನರೆದುರು ನಿಂತು ತಪ್ಪೆಲ್ಲ ನಂದು ಅಂದ್ರಿ. ನಂದೂ ಇತ್ತು. ನಾನು ಬಾಯಿ ಬಿಡಲಿಲ್ಲ."

ಒಳಗೆ ಚಿಕ್ಕಮ್ಮನ ಕತ್ತರಿಯ ಸದ್ದು ನಿಂತುಹೋಗಿತ್ತು.

"ಇವತ್ತಿನ ನೆಪ ಏನು?" ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಏನೂ ಇಲ್ಲ. ನಿಮ್ಮನ್ನ ನೋಡೋಕೆ ಬಂದೆ."

"ಇನ್ಮೇಲೆ ಏನಾದ್ರೂ ಗೊತ್ತಾದ್ರೆ ಆವತ್ತೇ ಹೇಳಬೇಕು. ನೀವೂ, ನಾನೂ."

"ಸರಿ. ಈಗಲೇ ಒಂದಿದೆ, ಹೇಳಲಾ?" ಅವನು ಅವಳ ಅಂಟು ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡ. "ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಅಳುತ್ತಲೇ ನಕ್ಕಳು.

"ಅದು ನಂಗೆ ಎರಡನೇ ದಿನವೇ ಗೊತ್ತಿತ್ತು!"