ಬೈರಪ್ಪ ಕೂಗಿದ ದಿನ

ಮೇಸ್ತ್ರಿ ಬೈರಪ್ಪ ಕೂಗಿದ್ದು ಮುತ್ಯಾಲಮ್ಮನ ಮೇಲೆಯೇ. ಅದೂ ಇಡೀ ಶೆಡ್ಡು ಕೇಳುವಂತೆ.

"ಕಣ್ಣೆಲ್ಲಿಟ್ಕೊಂಡಿದ್ದೀಯ? ಇನ್ನೊಂದ್ಸಲ ಎಳೆ ತುಂಡಾದ್ರೆ ಎದ್ದು ಮನೆಗೆ ಹೋಗು."

ಅವಳ ಕಣ್ಣು ಎಲ್ಲಿತ್ತೆಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲವೇ? ಹೋದ ಯುಗಾದಿಯಿಂದ ಅವನ ಮೇಲೆಯೇ ಇತ್ತಲ್ಲ.

ದೊಡ್ಡಬಳ್ಳಾಪುರದ ಅಂಚಿನಲ್ಲಿ, ಯುದ್ಧದ ಪ್ಯಾರಾಚೂಟಿಗೆಂದು ನೂಲು ಬಿಚ್ಚುವ ರೇಷ್ಮೆ ಶೆಡ್ಡು ಅದು. ಹಬೆಯಾಡುವ ಬಾಣಲೆಯಲ್ಲಿ ಗೂಡು ತೇಲಿಸಿ, ಹೆಂಗಸರು ಬಿಸಿನೀರಿನಿಂದ ಎಳೆ ಎತ್ತಿ ರಾಟೆಗೆ ಕೊಡಬೇಕು. ಹಿಂದಿನ ಮೇಸ್ತ್ರಿ ಬೆತ್ತ ಹಿಡಿದು ತಿರುಗುತ್ತಿದ್ದ. ಬೈರಪ್ಪ ಹಾಗಲ್ಲ. ಎಳೆ ತಪ್ಪಿದವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನೇ ಬಾಣಲೆಗೆ ಕೈ ಹಾಕಿ, ತುದಿ ಹುಡುಕಿ ಅವಳ ಬೆರಳಿಗೆ ಕೊಡುತ್ತಿದ್ದ. ಮುತ್ಯಾಲಮ್ಮನಿಗಂತೂ ಎಳೆ ಸ್ವಲ್ಪ ಹೆಚ್ಚಾಗಿಯೇ ತಪ್ಪುತ್ತಿತ್ತು. ಬೇಕೆಂದೇ ತಪ್ಪಿಸುತ್ತಾಳೆಂದು ಅವನಿಗೂ ಗೊತ್ತಿತ್ತು. ಮುಖ ಬಗ್ಗಿಸಿ ಮೀಸೆಯಡಿ ನಗು ಬಚ್ಚಿಡುತ್ತಿದ್ದ.

ಅಂಥವನಿಗೆ ಇವತ್ತು ಏನು ಬಂತು?

ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಅವನನ್ನು ತಡೆದು ಕೇಳಿಯೇಬಿಟ್ಟಳು. "ಏನ್ ಮೇಸ್ತ್ರಿ, ನಿಮ್ಗೂ ಒಂದು ಬೆತ್ತ ತಂದ್ಕೊಡ್ಲಾ?"

ಅವನು ತಲೆ ಎತ್ತಲಿಲ್ಲ. "ನೂಲು ಸಾಲ್ತಿಲ್ವಂತೆ. ಹೆಂಗಸ್ರ ಪಕ್ಕ ಕೂತ್ಕೊಳ್ಳೋನು ಎಂಥಾ ಮೇಸ್ತ್ರಿ, ಹೆದರ್ಸಿ ಕೆಲ್ಸ ತೆಗಿ, ಇಲ್ದಿದ್ರೆ ಸಂಜೆಗೆ ಜಾಗ ಖಾಲಿ ಮಾಡು ಅಂದ್ರು ಸಾಹುಕಾರ್ರು. ಸೋಮವಾರ ನಿಮ್ಮಪ್ಪನ್ನ ಕೇಳೋಕೆ ಬರೋಣ ಅಂತಿದ್ದೆ ಕಣೆ. ಕೆಲ್ಸ ಇಲ್ದೆ ಯಾವ ಮುಖ ಇಟ್ಕೊಂಡು ಬರ್ಲಿ?"

ಅವಳು ಇಷ್ಟು ದಿನ ಹಂಬಲಿಸಿದ್ದ ಮಾತು, ಕೇಳಬಾರದ ಹೊತ್ತಿನಲ್ಲಿ ಬಂದಿತ್ತು.

"ಹೆದ್ರಿದ ಕೈಲಿ ಎಳೆ ನಿಲ್ಲಲ್ಲ ಮೇಸ್ತ್ರಿ. ಹೋಗಿ ಮೊದ್ಲಿನಂಗೆ ಕೂತ್ಕೊಳ್ಳಿ."

ಕೂತ. ಆದರೆ ಅವನು ಪಕ್ಕಕ್ಕೆ ಬಂದದ್ದೇ ಮೊದಲ ಬಾಣಲೆಯ ಮಾರಕ್ಕ ಬೆಚ್ಚಿ ಕೈ ಎಳೆದುಕೊಂಡಳು. ಅವನ ನೆರಳು ಕಂಡರೆ ಸಾಕು, ಅವಳಾಚೆ ಕೂತವಳ ಎಳೆ ತುಂಡಾಗುತ್ತಿತ್ತು. ಬೆಳಿಗ್ಗೆ ಹೊಕ್ಕ ಭಯ ಮಧ್ಯಾಹ್ನಕ್ಕೆ ಬಿಟ್ಟುಹೋಗುತ್ತದೆಯೇ? ರಾಟೆಗಳು ಒಂದೊಂದಾಗಿ ನಿಂತವು. ಬೆರಳು ಬೆಂದರೂ ಮುತ್ಯಾಲಮ್ಮ ಮಾತ್ರ ನಿಲ್ಲಿಸಲಿಲ್ಲ. ದೇವರೇ, ಇವನನ್ನು ಉಳಿಸು ಎಂದುಕೊಂಡೇ ಎಳೆದಳು. ಒಬ್ಬಳ ನೂಲಿನಿಂದ ಏನಾದೀತು? ಸಂಜೆ ಸಾಹುಕಾರರು ಬಂದು ನೋಡಿದರು, ಗೇಟಿನತ್ತ ಕೈ ತೋರಿಸಿದರು.

ಗೇಟಿನಾಚೆ ಬೈರಪ್ಪ ಟವೆಲ್ಲಿನಲ್ಲಿ ಮುಖ ಒತ್ತಿಕೊಂಡು ನಿಂತಿದ್ದ. ಅವಳು ಓಡಿ ಬಂದಳು.

"ಎಲ್ರೂ ನನ್ನ ಕಂಡು ಬೆಚ್ಚಿಬಿದ್ರು ಮುತ್ಯಾಲು. ನಿಂಗೂ ಭಯಾನಾ?"

ಅವಳು ಬೆಂದು ಕೆಂಪಾದ ಕೈಯನ್ನು ಅವನ ಅಂಗೈಯಲ್ಲಿಟ್ಟಳು. "ನಡುಗ್ತಾ ಐತಾ ನೋಡು."

ನಡುಗುತ್ತಿದ್ದದ್ದು ಅವನ ಕೈ.

"ಸೋಮವಾರ ಬಾ," ಎಂದಳು. "ನಮ್ಮಪ್ಪನ್ನ ಕೇಳು."

"ಕೆಲ್ಸ ಕಳ್ಕೊಂಡೋನು ಏನಂತ ಕೇಳ್ಲಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಕೂಗಾಡ್ದೆ ಕೇಳು. ಪಕ್ಕದಲ್ಲಿ ನಾನು ಕೂತಿರ್ತೀನಿ."