ಜರುಗುವ ಜಮಖಾನ

"ಕಾರ್ಪೆಟ್ ಮೇಲೆ ಯಾರಾದ್ರೂ ಜಮಖಾನ ಹಾಸ್ತಾರಾ?"

ಕೇಳಿದವನು ಕೆಳಮನೆ ಮೇಸ್ತ್ರಿಯ ಮಗ. ನಲ್ಲಿ ರಿಪೇರಿಗೆ ಅಂತ ಸ್ಪ್ಯಾನರ್ ಹಿಡಿದು ಬಂದಿದ್ದ. ನಲ್ಲಿ ಹಾಗಿರಲಿ, ಅವನ ಕಣ್ಣು ಕಿಟಕಿ ಪಕ್ಕದ ಹೊಸ ಜಮಖಾನದ ಮೇಲೆ ಕೂತುಬಿಟ್ಟಿತ್ತು. ಬೂದು ಬಣ್ಣದ ಕಾರ್ಪೆಟ್ ಮೇಲೆ ಕಡುಗೆಂಪು ಹೂವಿನ ಜಮಖಾನ. ಒಂಚೂರೂ ಹೊಂದಿಕೆಯಿಲ್ಲ.

"ಸುಮ್ನೆ. ಚೆನ್ನಾಗಿ ಕಾಣ್ಲಿ ಅಂತ," ಅಂದಳು ಮೇಲ್ಮನೆ ಬಾಡಿಗೆಯ ಟೈಲರ್.

"ಅಂದ್ರೆ ಮೊದಲು ಚೆನ್ನಾಗಿರಲಿಲ್ಲ."

ಅವಳು ನಾಲಿಗೆ ಕಚ್ಚಿಕೊಂಡಳು. ಈ ಮನೆಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ್ದು ಅವನೂ ಅವನಪ್ಪನೂ. ಮೇಸ್ತ್ರಿ ಮಂಡಿಯೂರಿ ಮಾಡಿದ ಕೊನೆಯ ಕೆಲಸ ಅದು. ಈಗಲೂ ಮನೆಗೆ ಯಾರೇ ಬರಲಿ, "ಮೇಲೆ ಹೋಗಿ ನೋಡಿ, ಎಲ್ಲಾದ್ರೂ ತುಂಡು ಜೋಡಿಸಿದ ಗೆರೆ ಕಂಡ್ರೆ ಹೇಳಿ" ಅನ್ನದೆ ಅವರಿಗೆ ಸಮಾಧಾನವಿಲ್ಲ.

ಮಗ ನಲ್ಲಿ ಸರಿಮಾಡಿದ. "ಟೈಲರ್ ಮೇಡಂ, ಟೀ ಗೀ ಏನೂ ಇಲ್ವಾ?" ಅಂತ ದಿನಾ ಕಾಡುವವನು ಅವತ್ತು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಇಳಿದುಹೋದ.

ನಿಜ ಹೇಳಿಬಿಡಬಹುದಿತ್ತು. ಹೇಳುವುದಕ್ಕೆ ಮುಖ ಬೇಕಲ್ಲ.

ಮನೆ ಕೊಡುವಾಗ ಮೇಸ್ತ್ರಿ ಇಟ್ಟಿದ್ದು ಒಂದೇ ಷರತ್ತು: "ನೆಲದ ಮೇಲೆ ಇಸ್ತ್ರಿ ಮಾತ್ರ ಬೇಡಮ್ಮ." ಅದಕ್ಕೆ ಇವಳು, "ಹನ್ನೆರಡು ವರ್ಷದಿಂದ ಇಸ್ತ್ರಿ ಹಿಡಿದ ಕೈ ಇದು. ನನಗೇ ಹೇಳ್ಕೊಡ್ತೀರಾ?" ಅಂದಿದ್ದಳು. ಎಷ್ಟು ಜಂಬ ನೋಡಿ. ಪಕ್ಕದಲ್ಲಿ ಮಗ ಮುಸಿಮುಸಿ ನಕ್ಕಿದ್ದ. ಆ ನಗು ಅವಳ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ. ಮೇಜಿನ ತುಂಬಾ ಕತ್ತರಿಸಿದ ಬಟ್ಟೆ ಹರಡಿತ್ತು. ಅದಕ್ಕೇ ನೆಲದ ಮೇಲೆ ಬೆಡ್‌ಶೀಟ್ ಮಡಿಸಿ ಹಾಕಿ, ಚಿಕ್ಕದು ಮಾಡಲು ಮೇಸ್ತ್ರಿಯ ಮಗನೇ ಕೊಟ್ಟಿದ್ದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಅವನ ತಟ್ಟುವಿಕೆ ಅವಳಿಗೆ ಗೊತ್ತು, ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಇಸ್ತ್ರಿ ಪೆಟ್ಟಿಗೆಯನ್ನು ಎಲ್ಲಿಟ್ಟೆ ಅಂತಲೂ ನೋಡದೆ ಎದ್ದಳು, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು, ಬಾಗಿಲಲ್ಲಿ ನಿಂತು ಹತ್ತು ನಿಮಿಷ ಏನೇನೋ ಹರಟಿದಳು. ಏನು ಅಂತ ಕೇಳಿದರೆ ಒಂದು ಮಾತೂ ನೆನಪಿಲ್ಲ. ಒಳಗೆ ಬಂದಾಗ ಸುಟ್ಟ ಕೂದಲಿನ ವಾಸನೆ. ಕಿಟಕಿ ಪಕ್ಕ ಕಾರ್ಪೆಟ್ ಮೇಲೆ ಇಸ್ತ್ರಿ ಪೆಟ್ಟಿಗೆಯ ಪೂರ್ತಿ ಅಚ್ಚು, ಕಪ್ಪಗೆ.

ಸಂಜೆಗೇ ಜಮಖಾನ ಬಂತು.

ಆದರೆ ಅದು ಸುಮ್ಮನೆ ಬಿದ್ದಿರುವ ಪ್ರಾಣಿಯಲ್ಲ. ಕೆಳಗೆ ಮೆತ್ತನೆಯ ಕಾರ್ಪೆಟ್, ಮೇಲೆ ಹೊಲಿಗೆ ಮೆಷಿನ್. ಪೆಡಲ್ ತುಳಿದಷ್ಟೂ ಒಂದೊಂದು ಬೆರಳು ಜರುಗುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಆ ಕಪ್ಪು ಅಚ್ಚಿನ ಚೂಪು ತುದಿ ಇಣುಕುತ್ತಿತ್ತು. ದಿನಾ ಬೆಳಿಗ್ಗೆ ಮಂಡಿಯೂರಿ ಅದನ್ನು ಎಳೆದು ಮುಚ್ಚುವಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಮೆಟ್ಟಿಲಲ್ಲಿ ಮೇಸ್ತ್ರಿ ಸಿಕ್ಕಿ, "ಹೇಗಿದೆಯಮ್ಮ ನಮ್ಮ ಕಾರ್ಪೆಟ್ಟು?" ಅಂದರೆ, "ಚೆನ್ನಾಗಿದೆ" ಅಂತ ನೆಲ ನೋಡಿಕೊಂಡು ಹೇಳುತ್ತಿದ್ದಳು. ಮಗ ಮೇಲೆ ಬರುವುದನ್ನೇ ಬಿಟ್ಟಿದ್ದ.

ಒಂದು ವಾರ ಕಳೆದು ಮತ್ತೆ ಆ ಸದ್ದು. ಎರಡು, ಸ್ವಲ್ಪ ಬಿಟ್ಟು ಒಂದು.

ಅವನ ಕಂಕುಳಲ್ಲಿ ಸುತ್ತಿದ ದಪ್ಪ ರಬ್ಬರ್ ಹಾಳೆ ಇತ್ತು. "ಇದನ್ನ ಕೆಳಗೆ ಹಾಕಿದ್ರೆ ಜಮಖಾನ ಜರುಗಲ್ಲ. ನಮ್ಮ ಕೆಲಸ ನಿಮಗೆ ಹಿಡಿಸದಿದ್ರೆ ಬಿಡಿ. ಕಾಲು ತೊಡರಿ ನೀವು ಬೀಳೋದು ಬೇಡ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಅವನು ಮೆಷಿನ್ ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ ಜಮಖಾನದ ಅಂಚು ಹಿಡಿದ. ಅವಳು ಅದರ ಮೇಲೆ ಹತ್ತಿ ನಿಂತುಬಿಟ್ಟಳು.

"ಸ್ವಲ್ಪ ಇಳೀರಿ."

"ಇಳಿಯಲ್ಲ."

"ನಿಮ್ಮನ್ನೂ ಸೇರಿಸಿ ಎತ್ತಬೇಕಾ?" ಅಂದ. ತುಟಿಯ ತುದಿಯಲ್ಲಿ ಆ ಹಳೆಯ ನಗು ಬಂದು ಹೋಯಿತು.

ಆ ನಗು ಕಂಡಿದ್ದೇ ಅವಳ ಕಣ್ಣು ತುಂಬಿಕೊಂಡಿತು. ಪಕ್ಕಕ್ಕೆ ಸರಿದು ತಾನೇ ಜಮಖಾನ ಎತ್ತಿ ಮಡಚಿದಳು. ತಲೆ ಎತ್ತಲಿಲ್ಲ.

"ನಿಮ್ಮ ಶರ್ಟಿಗೆ ಇಸ್ತ್ರಿ ಹಾಕ್ತಿದ್ದೆ. ನೀವು ಬಾಗಿಲು ತಟ್ಟಿದ್ರಿ. ಆಮೇಲೆ ನನಗೆ ಇಸ್ತ್ರಿನೂ ನೆನಪಿರಲಿಲ್ಲ, ಕಾರ್ಪೆಟ್ಟೂ ನೆನಪಿರಲಿಲ್ಲ. ನೀವು ಬಂದ್ರೆ ನನಗೆ ಹಾಗೇ ಆಗೋದು."

ಹೇಳಿದ ಮೇಲೆ ಮುಖ ಕಿವಿಯವರೆಗೂ ಬಿಸಿಯಾಯಿತು. ಒಂದು ತಪ್ಪು ಒಪ್ಪಿಕೊಳ್ಳಲು ಹೋಗಿ ಮನಸ್ಸಿನಲ್ಲಿದ್ದುದನ್ನೂ ಕಕ್ಕಿಬಿಟ್ಟಿದ್ದಳು.

ಅವನು ಆ ಅಚ್ಚನ್ನೇ ನೋಡುತ್ತಾ ಕೂತ. "ಅವತ್ತು ವಾಸನೆ ಬಂದಿತ್ತು. ಯಾರದ್ದೋ ಬಟ್ಟೆ ಸುಟ್ರಿ ಅನ್ಕೊಂಡೆ. ಟೈಲರ್‌ಗೆ ಅವಮಾನ ಬೇಡ ಅಂತ ಕೇಳಲಿಲ್ಲ."

"ಇನ್ನೊಂದಿದೆ," ಅಂದಳು ಅವಳು. "ಗೋಡೆ ಬೀರು ಒಳಗಿನ ಕಾರ್ಪೆಟ್ ಕತ್ತರಿಸಿ ಇಲ್ಲಿ ತೇಪೆ ಹಾಕಿಬಿಡೋಣ ಅಂತಾನೂ ನೋಡಿದೆ. ಕಳ್ಳಿ ಥರ. ಅಲ್ಲಿ ಕಾರ್ಪೆಟ್ಟೇ ಇಲ್ಲ, ಬರೀ ಸಿಮೆಂಟು."

ಈಗ ಅವನ ಮುಖ ಬಾಡಿತು.

"ಅದನ್ನ ತೆಗೆದಿದ್ದು ನಾನು," ಅಂದ. "ಅಂಟು ಕರಗಿಸಿ ಕಾರ್ಪೆಟ್ ತುಂಡು ಜೋಡಿಸೋಕೆ ನಮ್ಮ ಹತ್ರಾನೂ ಒಂದು ಇಸ್ತ್ರಿ ಇರುತ್ತೆ. ಅಪ್ಪ ಟೀಗೆ ಇಳಿದಿದ್ರು. ನಾನು ಫೋನ್ ನೋಡ್ತಾ ಅಡುಗೆಮನೆ ಬಾಗಿಲ ಹತ್ರ ಸುಟ್ಟುಬಿಟ್ಟೆ. ಬೀರುವಿನದ್ದು ಕಿತ್ತು ಅಲ್ಲಿ ಕೂರಿಸಿದೆ. ಬೀರುಗೆ ಯಾಕೆ ಸಾಲಲಿಲ್ಲ ಅಂತ ಅಪ್ಪ ಕೇಳಿದಾಗ, ಅಳತೆ ಕಮ್ಮಿ ಬಂತು ಅಂದೆ."

"ಅಳತೆ ತಗೊಂಡಿದ್ದು?"

"ಅಪ್ಪ." ಅವನ ದನಿ ಕುಗ್ಗಿತು. "ನಲವತ್ತು ವರ್ಷದಲ್ಲಿ ಅವರ ಅಳತೆ ತಪ್ಪಿರಲಿಲ್ಲ. ಕಣ್ಣು ಹೋಯ್ತು ಇನ್ನು ಸಾಕು ಅಂತ ಅವತ್ತೇ ಟೇಪು ಕೆಳಗಿಟ್ರು. ಊರಿಗೆಲ್ಲ ಮಂಡಿನೋವು ಅಂತ ಹೇಳ್ಕೊಂಡು ಬಂದಿದ್ದಾರೆ. ಐದು ವರ್ಷ ಆಯ್ತು, ನಾನು ಬಾಯಿ ಬಿಟ್ಟಿಲ್ಲ. ನೀವು ಜಮಖಾನ ಹಾಸಿದಾಗ ನನಗೆ ಭಯ ಆಯ್ತು. ಹೊಲಿಗೆ ನೋಡೋ ಕಣ್ಣು ನಿಮ್ಮದು. ತೇಪೆ ಕಂಡು, ಇವನ ಕೈಗೆಲಸ ಇಷ್ಟೇ ಅಂತ ಕಾರ್ಪೆಟ್ಟನ್ನೇ ಮುಚ್ಚೋಕೆ ಶುರುಮಾಡಿದ್ರಾ ಅಂತ."

ಅವಳು ಮಡಚಿದ ಜಮಖಾನವನ್ನು ಎದೆಗವಚಿಕೊಂಡು ಕೂತಳು. "ತೇಪೆ ನನಗೆ ಮನೆಗೆ ಬಂದ ದಿನಾನೇ ಕಂಡಿತ್ತು. ಅಲ್ಲಿ ಮಾತ್ರ ಕಾರ್ಪೆಟ್ಟಿನ ಎಳೆ ಉಲ್ಟಾ ಮಲಗಿದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನಿಮಗೆ ಅವಮಾನ ಬೇಡ ಅಂತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಕೆಳಗೆ ಮೇಸ್ತ್ರಿ ಕೆಮ್ಮುವುದು ಕೇಳುತ್ತಿತ್ತು.

"ಹೋಗಿ ಹೇಳೋಣ," ಅಂದಳು ಅವಳು. "ಅವರ ಕಣ್ಣಿಗೆ ಏನೂ ಆಗಿಲ್ಲ ಅಂತ ಅವರಿಗೆ ಗೊತ್ತಾಗ್ಲಿ. ಯಾರದ್ದು ಮೊದಲು?"

"ನನ್ನದು. ನನ್ನದೇ ಹಳೇದು."

ಅರ್ಧ ಮೆಟ್ಟಿಲಿಗೆ ಅವನು ನಿಂತ. ಅವಳು ಅವನ ಕೈ ಹಿಡಿದುಕೊಂಡಳು. ಸುಟ್ಟ ಗುರುತುಗಳ, ಸೂಜಿ ಚುಚ್ಚಿದ ಅವಳ ಬೆರಳುಗಳು ಅವನ ಅಂಟು ಮೆತ್ತಿದ ಬೆರಳುಗಳ ನಡುವೆ ಸೇರಿಕೊಂಡವು. ಅವನು ಬಿಡಿಸಿಕೊಳ್ಳಲಿಲ್ಲ. ಕೆಳಮನೆ ಬಾಗಿಲಲ್ಲಿ ನಿಂತು, ಇನ್ನೊಂದು ಕೈಯಿಂದ ತಟ್ಟಿದ.

"ಯಾರದು?" ಒಳಗಿನಿಂದ ಮೇಸ್ತ್ರಿಯ ದನಿ.

"ನಾವು ಅಪ್ಪ," ಅಂದ ಅವನು.

ಅವಳು ತಲೆ ತಗ್ಗಿಸಿಯೇ ಇದ್ದಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.