ಒಂದೇ ಬೀಗದಲ್ಲಿ ಎರಡು ಹೆಸರು

ತಾನು ಬರೆಯದ ಕ್ಷಮಾಪಣೆ ತನ್ನದೇ ಸುದ್ದಿತಾಣದಲ್ಲಿದೆ ಎಂದು ಗಂಗಾದೇವಿ ಖಾನಾಪುರದಿಂದ ಫೋನ್ ಮಾಡಿದಾಗ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ.

ಬೆಳಗಾವಿಯ ಕಚೇರಿಯಲ್ಲಿ, ತಾಣಗಳ ಸರ್ವರ್ ನಡೆಸುವ ಪ್ರಮಿಳಾ ಗಂಗಾದೇವಿಯ ‘ಕಾಡಂಚು’ ತಾಣ ತೆರೆದಳು. ಜಾಂಬೋಟಿ ಹಾದಿಯ ಕಲ್ಲು ಕ್ವಾರಿ ಅರಣ್ಯದ ಗಡಿ ದಾಟಿದೆ ಎಂಬ ವರದಿ ಮಾಯವಾಗಿತ್ತು. ‘ವರದಿ ಸುಳ್ಳು. ಮಾಲೀಕ ಬಂಡೆಪ್ಪನವರ ಕ್ಷಮೆ ಕೋರುತ್ತೇವೆ’ ಎಂದಿತ್ತು. ವಿಳಾಸದ ಪಕ್ಕ ಸುರಕ್ಷತೆಯ ಬೀಗದ ಗುರುತೂ ಇತ್ತು. ಓದುವವರು ಅನುಮಾನಪಡುವಂತೆಯೇ ಇರಲಿಲ್ಲ. ಬುಧವಾರ ತಹಶೀಲ್ದಾರರ ಮುಂದೆ ಕ್ವಾರಿಯ ವಿಚಾರಣೆ.

‘ಕಾಡಂಚು’ ಸೇರಿ ಹನ್ನೊಂದು ತಾಣಗಳು ಪ್ರಮಿಳಾಳ ಸರ್ವರಿನಲ್ಲಿದ್ದವು. ಬಂಡೆಪ್ಪನ ಕಡೆಯವರು ಗಂಗಾದೇವಿಯೇ ವರದಿ ಬದಲಿಸಿದ್ದಾಳೆ ಎಂದು ಆಗಲೇ ಹಬ್ಬಿಸಿದ್ದರು.

ಸರ್ವರ್ ತಡಕಿದಳು. ವರದಿ ಅಲ್ಲೇ, ಹಾಗೇ ಇತ್ತು. ಒಳಗೆ ಯಾರೂ ನುಗ್ಗಿರಲಿಲ್ಲ. ಅಂದರೆ ಯಾರೋ ತಾಣದ ಹೆಸರನ್ನೇ, ಓದುಗರು ಒತ್ತುವ ಆ ವಿಳಾಸವನ್ನೇ, ಬೇರೊಂದು ಸರ್ವರಿನ ಕಡೆಗೆ ತಿರುಗಿಸಿದ್ದರು.

* * *

ಗಂಗಾದೇವಿಗೆ ವಿನಯನ ಮೇಲೆ ಗುಮಾನಿ. ಹೋದ ತಿಂಗಳು ಜಗಳವಾಡಿ ಕೆಲಸ ಬಿಟ್ಟಿದ್ದ ವರದಿಗಾರ ಅವನು. ಪ್ರಮಿಳಾ ಲೋಂಡಾದಲ್ಲಿದ್ದ ಅವನಿಗೆ ಫೋನ್ ಹಚ್ಚಿದಳು.

“ಆ ವರದಿ ಬರದಾಂವ ನಾನರೀ,” ಎಂದ ವಿನಯ. “ನಂದು ನಾನ ಸುಳ್ಳು ಅಂತೀನೇನು?”

ಮಾತು ಖರೆ ಇತ್ತು. ಅವನ ಪಾಸ್‌ವರ್ಡಿನಿಂದ ಲೇಖನ ಹಾಕಬಹುದಿತ್ತೇ ಹೊರತು ಹೆಸರು ತಿರುಗಿಸಲು ಬರುತ್ತಿರಲಿಲ್ಲ.

ಪ್ರಮಿಳಾ ಆ ಬೀಗದ ಗುರುತನ್ನು ಒತ್ತಿ ಅದಕ್ಕೆ ಆಧಾರವಾದ ಡಿಜಿಟಲ್ ಪ್ರಮಾಣಪತ್ರ ತೆರೆದಳು. ಭಾನುವಾರ ಪಡೆದದ್ದು. ಅದರಲ್ಲಿ ಎರಡು ತಾಣಗಳ ಹೆಸರಿತ್ತು. ಒಂದು ‘ಕಾಡಂಚು’. ಇನ್ನೊಂದು ಬಂಡೆಪ್ಪನ ಕ್ವಾರಿ ಕಂಪನಿ.

ಕ್ವಾರಿಯ ತಾಣದ ಬುಡದಲ್ಲಿ ಅದನ್ನು ಕಟ್ಟಿದವನ ಹೆಸರಿತ್ತು: ಸುಜಯ, ಖಾನಾಪುರ.

“ಗಂಗಕ್ಕಾ, ‘ಕಾಡಂಚು’ ಹೆಸರು ಮೊದಲ ಯಾರು ತಗೊಂಡಿದ್ರು?”

“ಸುಜಯನ ತಗೊಂಡು ಕೊಟ್ಟಿದ್ದ. ಯಾಕ?”

ಪ್ರಮಿಳಾ ಖಾನಾಪುರದ ಬಸ್ಸು ಹತ್ತಿದಳು.

* * *

ಬಸ್ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಸುಜಯ ಮೊದಲು ಎಲ್ಲವನ್ನೂ ನಿರಾಕರಿಸಿದ. ಪ್ರಮಿಳಾ ಪ್ರಮಾಣಪತ್ರದ ಪ್ರತಿಯನ್ನು ಮುಂದಿಟ್ಟಳು. ಹೆಸರು ಕೈಯಲ್ಲಿದ್ದವರಿಗೆ ಮಾತ್ರ ಆ ಬೀಗ ಸಿಗುತ್ತದೆ. ‘ಕಾಡಂಚು’ ಹೆಸರು ನೋಂದಾಯಿಸಿದ ಖಾತೆ ಇನ್ನೂ ಅವನ ಇಮೇಲಿನಲ್ಲೇ ಇತ್ತು. ಕ್ವಾರಿಯ ತಾಣವಿದ್ದ ಸರ್ವರಿನಲ್ಲೇ ನಕಲಿ ‘ಕಾಡಂಚು’ ಕೂರಿಸುವಾಗ, ಕೆಲಸ ಸಲೀಸಾಗಲೆಂದು ಎರಡಕ್ಕೂ ಒಂದೇ ಪ್ರಮಾಣಪತ್ರ ಪಡೆದಿದ್ದ.

“ನಾ ನನ್ನ ಹನ್ನೊಂದು ತಾಣಕ್ಕೂ ಬ್ಯಾರೆ ಬ್ಯಾರೆ ತಗೋತೀನಿ, ಸುಜಯ,” ಎಂದಳು. “ನೀನೂ ಹಂಗ ಮಾಡಿದ್ರ ನನಗ ಗೊತ್ತ ಆಗ್ತಿರಲಿಲ್ಲ.”

ಅವನು ಒಪ್ಪಿಕೊಂಡ. ಅಂಗಡಿ ಇದ್ದದ್ದು ಬಂಡೆಪ್ಪನ ಜಾಗದಲ್ಲಿ. ಮಾತು ಕೇಳದಿದ್ದರೆ ಖಾಲಿ ಮಾಡಿಸುತ್ತೇನೆಂದು ಹೆದರಿಸಿದ್ದನಂತೆ. ವರದಿ ಕೈಬಿಡುವುದಾದರೆ ಹೆಸರು ಈಗಲೇ ವಾಪಸ್ ಕೊಡುತ್ತೇನೆ, ಇಲ್ಲಿಗೇ ಮುಗಿಸಿಬಿಡಿ ಎಂದು ಬೇಡಿಕೊಂಡ.

ಅಷ್ಟರಲ್ಲಿ ಗಂಗಾದೇವಿ ಬಂದು ಬಾಗಿಲಲ್ಲಿ ನಿಂತಿದ್ದಳು.

“ಹೆಸರೂ ನಂದು, ವರದಿನೂ ನಂದು,” ಎಂದಳು. “ನಡದದ್ದೆಲ್ಲಾ ಬರದು ಸಹಿ ಮಾಡು. ಇಲ್ಲಾಂದ್ರ ಪೊಲೀಸ್ ಸ್ಟೇಶನ್ನಿಗೆ ನಡಿ.”

ಸುಜಯ ಬರೆದುಕೊಟ್ಟ, ಹೆಸರನ್ನೂ ವಾಪಸ್ ಕೊಟ್ಟ. ಸಂಜೆಯೊಳಗೆ ವರದಿ ಮತ್ತೆ ಕಾಣಿಸಿತು.

* * *

ಬುಧವಾರ ಬಂಡೆಪ್ಪನ ವಕೀಲ ಕ್ಷಮಾಪಣೆಯ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟ. ಗಂಗಾದೇವಿ ಅದರ ಪಕ್ಕದಲ್ಲೇ ಸುಜಯನ ಹೇಳಿಕೆ ಇಟ್ಟಳು. ಎರಡನ್ನೂ ಓದಿದ ತಹಶೀಲ್ದಾರರು, ಮರುದಿನವೇ ಅರಣ್ಯ ಇಲಾಖೆಯೊಂದಿಗೆ ಗಡಿ ಅಳೆಯಬೇಕೆಂದು ಆದೇಶಿಸಿದರು.

ಹೊರಗೆ ಬಂಡೆಪ್ಪ ಅಡ್ಡ ಬಂದು, ಊರಾಗ ಬಾಳೇ ಮಾಡೋದು ಬಿಟ್ಟು ಇದೆಲ್ಲಾ ಯಾಕ ಎಂದ.

“ನಾಳಿ ಅಳತಿಗೆ ನಾನೂ ಬರಾಕತ್ತೀನಿ,” ಎಂದಳು ಗಂಗಾದೇವಿ. “ಫೋಟೋ ತಗೀಬೇಕಲ್ಲ.”